ಎಲೆ ಸುರುಳಿ ಪತಂಗ: ಸುತ್ತಿದ ಎಲೆಯಿಂದ ರೆಕ್ಕೆಯವರೆಗೆ ಸಾಕಿ ದಾಖಲಿಸುವ ಬಗೆ

ಗಿಡದಲ್ಲಿ ಚಾಪೆ ಸುತ್ತಿದಂತೆ ಸುತ್ತಿಕೊಂಡ ಎಲೆ ಕಂಡರೆ ಕೈ ಸುಮ್ಮನಿರುವುದಿಲ್ಲ, ಬಿಡಿಸಿ ನೋಡುತ್ತೇವೆ. ಒಳಗಿದ್ದ ಹಸಿರು ಹುಳು ನುಲಿಯುತ್ತ ಹಿಂದಕ್ಕೆ ಜಾರಿ, ನೂಲೊಂದಕ್ಕೆ ಜೋತುಬಿದ್ದು ಕೆಳಗಿಳಿದು ಮಾಯವಾಗುತ್ತದೆ. ಅದು ಯಾವ ಪತಂಗವಾಗಲಿತ್ತು, ಆ ಗಿಡವನ್ನೇ ತಿನ್ನುತ್ತಿತ್ತೋ, ಅಲ್ಲಿ ಸುಮ್ಮನೆ ಅಡಗಿತ್ತೋ, ಯಾವುದೂ ತಿಳಿಯದೆ ಹೋಗುತ್ತದೆ. ಆ ಎಲೆಯನ್ನು ಬಿಡಿಸದೆ ಮನೆಗೆ ತಂದು, ಹುಳುವನ್ನು ಪತಂಗವಾಗುವವರೆಗೆ ಸಾಕಿ, ಅದರ ಜೀವನಚಕ್ರ, ಇರುವ ನೆಲೆ, ತಿನ್ನುವ ಗಿಡ ಮೂರನ್ನೂ ನಂಬುವಂತೆ ಬರೆದಿಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲ ಹೆಜ್ಜೆಗಳೂ ಅದಕ್ಕಾಗಿಯೇ ಇವೆ. ಹುಳು ಸಿಕ್ಕ ಗಿಡ ಬೇರೆ, ಹುಳು ತಿಂದ ಗಿಡ ಬೇರೆ. ಕೋಶವಾಗಲು (ಹುಳು ಪತಂಗವಾಗಿ ಮಾರ್ಪಡುವ ಪ್ಯೂಪಾ ಹಂತಕ್ಕೆ ಹೋಗಲು) ಜಾಗ ಹುಡುಕುತ್ತ ಹೊರಟ ಹುಳು ಪಕ್ಕದ ಯಾವ ಗಿಡದ ಮೇಲಾದರೂ ಸಿಗಬಹುದು. ಅದನ್ನು ಕಂಡವರು ಆ ಗಿಡದ ಹೆಸರನ್ನೇ ಆಹಾರ ಸಸ್ಯವೆಂದು ಬರೆದರೆ, ಆ ತಪ್ಪು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸಾಗುತ್ತ ವರ್ಷಗಟ್ಟಲೆ ಉಳಿದುಬಿಡುತ್ತದೆ. ತಪ್ಪು ದಾಖಲೆಗಿಂತ ದಾಖಲೆ ಇಲ್ಲದಿರುವುದೇ ಮೇಲು.

ಯಾವುವು ಈ ಪತಂಗಗಳು

ಎಲೆ ಸುತ್ತುವ ಪತಂಗಗಳ ದೊಡ್ಡ ಮನೆತನ ಟಾರ್ಟ್ರಿಸಿಡೇ. ತಿರುಚು ಎನ್ನುವ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು. ಈವರೆಗೆ ಹೆಸರಿಟ್ಟ ಪ್ರಭೇದಗಳೇ 11,000 ದಾಟುತ್ತವೆ. ಹೆಚ್ಚಿನವು ಚಿಕ್ಕವು, ರೆಕ್ಕೆ ಬಿಡಿಸಿದರೆ ಒಂದರಿಂದ ಎರಡೂವರೆ ಸೆಂಟಿಮೀಟರ್. ರೆಕ್ಕೆ ಮಡಿಸಿ ಕೂತಾಗ ಮೇಲಿನಿಂದ ನೋಡಿದರೆ ಗಂಟೆಯ ಆಕಾರ. ಕಂದು, ಬೂದು, ಒಣಹುಲ್ಲಿನ ಬಣ್ಣದವೇ ಹೆಚ್ಚು, ಆದರೆ ಓಕ್ ಮರದ ಟಾರ್ಟ್ರಿಕ್ಸ್ ವಿರಿಡಾನಾದ ಮುಂರೆಕ್ಕೆ ಎಳೆಚಿಗುರಿನಷ್ಟು ಹಸಿರು.

ಈ ಕುಟುಂಬದವೆಲ್ಲ ಎಲೆ ಸುತ್ತುವುದಿಲ್ಲ. ಸೇಬಿನ ಕಾಯಿ ಕೊರೆಯುವ ಸಿಡಿಯಾ ಪೊಮೊನೆಲ್ಲಾ ಕೂಡ ಇದೇ ಮನೆತನದ್ದು. ಎಲೆ ಸುತ್ತುವವೆಲ್ಲ ಈ ಕುಟುಂಬದವೂ ಅಲ್ಲ. ಭತ್ತದ ಎಲೆ ಮಡಚುವ ಹುಳು, ಹತ್ತಿ ಮತ್ತು ಬೆಂಡೆಯ ಎಲೆ ಸುತ್ತುವ ಹುಳು ಎರಡೂ ಕ್ರ್ಯಾಂಬಿಡೇ ಎಂಬ ಬೇರೆ ಕುಟುಂಬಕ್ಕೆ ಸೇರುತ್ತವೆ. ಸಾಕುವ ಕ್ರಮ ಎಲ್ಲಕ್ಕೂ ಬಹುಪಾಲು ಒಂದೇ ಆದ್ದರಿಂದ ಇಲ್ಲಿ ಎರಡನ್ನೂ ಜೊತೆಗೇ ತೆಗೆದುಕೊಂಡಿದ್ದೇನೆ.

ಬೇಕಾದ ಸಾಮಾನು ಕಡಿಮೆ: ಬಿಗಿ ಮುಚ್ಚಳದ ಪಾರದರ್ಶಕ ಡಬ್ಬಿಗಳು, ಟಿಶ್ಯೂ ಕಾಗದ, ಹತ್ತಿ, ಚಿಕ್ಕ ಕತ್ತರಿ, ಚಿತ್ರ ಬರೆಯುವ ಸಣ್ಣ ಕುಂಚ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಪೆನ್ಸಿಲ್, ಒಂದು ನೋಟ್‌ಬುಕ್. ಶಾಯಿ ಒದ್ದೆಗೆ ಕರಗುತ್ತದೆ, ಹಾಗಾಗಿ ಪೆನ್ಸಿಲ್ಲೇ ಇರಲಿ.

ಹೆಜ್ಜೆ 1: ಒಳಗೆ ಯಾರಿದ್ದಾರೆಂದು ಹೊರಗಿನಿಂದಲೇ ಓದುವುದು

ಸುತ್ತಿದ ಎಲೆಯಲ್ಲೆಲ್ಲ ಪತಂಗ ಇರುವುದಿಲ್ಲ. ನೂಲಿನ ಹೊಲಿಗೆ ಇಲ್ಲದೆ ಎಲೆ ಮುರುಟಿಕೊಂಡಿದ್ದರೆ ಅದು ಸಸ್ಯಹೇನು, ನುಸಿ ಅಥವಾ ಥ್ರಿಪ್ಸ್ ಎಂಬ ಪುಟ್ಟ ಕೀಟದ ಕೆಲಸವಿರಬಹುದು. ಎಲೆಯನ್ನು ಅಡ್ಡಕ್ಕೆ ಕತ್ತರಿಸಿ, ಎರಡೂ ತುದಿ ಒಳಮಡಚಿ, ಪೊಟ್ಟಣ ಕಟ್ಟಿದ ಹಾಗೆ ಅಚ್ಚುಕಟ್ಟಾಗಿ ಸುತ್ತಿದ್ದರೆ ಅದು ಎಲೆ ಸುತ್ತುವ ಸೊಂಡಿಲು ದುಂಬಿಯದು. ತಾಯಿದುಂಬಿ ಮೊಟ್ಟೆಯಿಟ್ಟು ಸುತ್ತಿದ ತೊಟ್ಟಿಲು, ಒಳಗಿನ ಮರಿಗೆ ಕಾಲೇ ಇರುವುದಿಲ್ಲ. ದಟ್ಟವಾದ ಬಿಳಿ ಬಲೆಯ ಚೀಲ ಕಂಡರೆ ಜೇಡ.

ಪತಂಗದ ಹುಳು ಸುತ್ತಿದ ಎಲೆಯ ಗುರುತು ಹೊಲಿಗೆ. ಅಂಚಿನುದ್ದಕ್ಕೂ ಅಲ್ಲಲ್ಲಿ ಬಿಳಿ ಎಳೆಗಳ ಕಟ್ಟುಗಳು ಟಾಕಿ ಹಾಕಿದ ಹಾಗೆ ಕಾಣುತ್ತವೆ. ಎಲೆಯನ್ನು ಬೆಳಕಿಗೆ ಹಿಡಿದರೆ ಒಳಗೆ ನೆರಳು, ಕೆಲವೊಮ್ಮೆ ಚಲನೆ. ಹಸಿರು ಹಿಕ್ಕೆ ತಾಜಾ ಇದ್ದರೆ ಹುಳು ಒಳಗಿದೆ. ಹಿಕ್ಕೆ ಒಣಗಿ ಕಪ್ಪಾಗಿ, ಸುರುಳಿಯ ಬಾಯಿಂದ ಕಂದು ಬಣ್ಣದ ಖಾಲಿ ಕೋಶದ ಪೊರೆ ಅರ್ಧ ಹೊರಚಾಚಿದ್ದರೆ ಪತಂಗ ಹಾರಿಹೋಗಿದೆ. ಅಂಥದ್ದನ್ನೂ ಬಿಡಬೇಡಿ, ಆ ಪೊರೆಯೇ ಒಂದು ದಾಖಲೆ.

ಸುತ್ತುವುದನ್ನು ಒಮ್ಮೆಯಾದರೂ ಕೂತು ನೋಡಬೇಕು. ಹುಳುವಿಗೆ ಎಲೆಯನ್ನು ಬಗ್ಗಿಸುವಷ್ಟು ಬಲವಿಲ್ಲ. ಅದು ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತ ಎಲೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೂರಾರು ಬಾರಿ ಎಳೆ ಹಾಯಿಸುತ್ತದೆ. ಎಳೆಯನ್ನು ಜಗ್ಗಿ ಅಂಟಿಸುವುದರಿಂದ ಅದು ಕುಗ್ಗಲು ನೋಡುತ್ತದೆ. ಒಂದೊಂದು ಎಳೆಯ ಕುಗ್ಗುವಿಕೆ ಕಣ್ಣಿಗೆ ಕಾಣದಷ್ಟು, ಆದರೆ ನೂರಾರು ಎಳೆ ಸೇರಿದಾಗ ಎಲೆಯ ಅಂಚು ಮೆಲ್ಲಗೆ ಏಳುತ್ತದೆ. ಎದ್ದಷ್ಟೂ ಇನ್ನಷ್ಟು ಗಿಡ್ಡ ಎಳೆಗಳ ಹೊಸ ಕಟ್ಟು ಬೀಳುತ್ತದೆ, ಹಳೆಯವು ಸಡಿಲವಾಗುತ್ತವೆ. ದಪ್ಪ ನರವಿದ್ದರೆ ಕೆಲವು ಹುಳುಗಳು ಅದನ್ನು ಕಚ್ಚಿ ಮೆತ್ತಗೆ ಮಾಡಿಕೊಳ್ಳುವುದುಂಟು. ಇಷ್ಟು ದುಡಿದು ಕಟ್ಟಿದ ಮನೆಯನ್ನು ನಾವು ಅರೆಕ್ಷಣದಲ್ಲಿ ಬಿಡಿಸಿಬಿಡುತ್ತೇವೆ. ಬಿಡಿಸಿದ ಹುಳು ಮತ್ತೆ ಸುತ್ತಲು ಹೊರಡಬೇಕು. ಆ ಹೊತ್ತು ತಿನ್ನುವಂತಿಲ್ಲ, ಅಡಗುವಂತಿಲ್ಲ.

ಆ ಮನೆ ಬರೀ ಅಡಗುತಾಣವೂ ಅಲ್ಲ. ಬೆಳಕು ಬೀಳದ ಸುರುಳಿಯೊಳಗೆ ಎಳೆ ಎಲೆ ಹೆಚ್ಚು ಗಡುಸಾಗುವುದಿಲ್ಲ, ಒಗರಿನ ಟ್ಯಾನಿನ್ ಕೂಡ ಕಡಿಮೆಯಿರುತ್ತದೆ. ಹೈಪೆರಿಕಮ್ ಪರ್ಫೊರೇಟಂ ಗಿಡದ ವಿಷ ಬೆಳಕು ಬಿದ್ದಾಗಷ್ಟೇ ಕೆಲಸ ಮಾಡುತ್ತದೆ. ಎಲೆ ಹೊಲಿದುಕೊಂಡು ನೆರಳಲ್ಲಿ ತಿನ್ನುವ ಟಾರ್ಟ್ರಿಸಿಡ್ ಹುಳು ಅದನ್ನು ದಕ್ಕಿಸಿಕೊಳ್ಳುತ್ತದೆ.

ಹೆಜ್ಜೆ 2: ಗಿಡದ ಬಳಿಯೇ ಬರೆಯುವುದು

ಎಲೆಯನ್ನು ಒಂಟಿಯಾಗಿ ಕೀಳಬೇಡಿ. ಒಂದು ಗೇಣು ರೆಂಬೆಯ ಸಮೇತ, ಪಕ್ಕದ ಒಳ್ಳೆಯ ಎಲೆಗಳೂ ಸೇರುವಂತೆ ಕತ್ತರಿಸಿ. ಹುಳು ತುದಿಯಿಂದ ಜಾರಿ ಬೀಳುವುದರಿಂದ ಕತ್ತರಿಸುವ ಮೊದಲೇ ಕೆಳಗೆ ಡಬ್ಬಿ ಹಿಡಿದಿರಬೇಕು. ನೂಲಿಗೆ ಜೋತುಬಿದ್ದರೆ ಬೆರಳಲ್ಲಿ ಹಿಡಿಯದೆ ನೂಲನ್ನೇ ಕುಂಚಕ್ಕೆ ಸುತ್ತಿ ಎತ್ತಿ.

ಡಬ್ಬಿಯೊಳಗೆ ಆಗಲೇ ಒಂದು ಚೀಟಿ ಹೋಗಬೇಕು: ದಿನಾಂಕ, ಜಾಗ, ಸಾಧ್ಯವಾದರೆ ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಗಿಡದ ಹೆಸರು, ಸುರುಳಿ ಎಳೆಚಿಗುರಲ್ಲಿತ್ತೋ ಬಲಿತ ಎಲೆಯಲ್ಲೋ, ಉದ್ದಕ್ಕೆ ಸುತ್ತಿತ್ತೋ ಅಡ್ಡಕ್ಕೋ. ಮನೆಗೆ ಹೋಗಿ ಬರೆಯೋಣವೆಂದುಕೊಂಡು ಮೂರು ಡಬ್ಬಿ ಅದಲುಬದಲಾಗಿ ಇಡೀ ತಿಂಗಳ ಸಾಕಣೆಯನ್ನು ನಾನು ಕಳೆದುಕೊಂಡಿದ್ದೇನೆ. ಪತಂಗಗಳು ಬಂದವು, ಯಾವುದು ಯಾವ ಗಿಡದ್ದೆಂದು ಹೇಳಲಾಗಲಿಲ್ಲ.

ಗಿಡದ ಹೆಸರು ಖಚಿತವಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಹೂವೋ ಕಾಯೋ ಇರುವ ಒಂದು ರೆಂಬೆತುದಿಯನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ಎಲೆಯ ಎರಡೂ ಬದಿ, ತೊಟ್ಟು, ತೊಗಟೆಯ ಚಿತ್ರ ತೆಗೆದಿಡಿ. ಗಿಡ ಬಲ್ಲವರು ಆಮೇಲೆ ಹೇಳುತ್ತಾರೆ.

ಹೆಜ್ಜೆ 3: ಡಬ್ಬಿ

ಒಂದು ಡಬ್ಬಿಗೆ ಒಂದೇ ಹುಳು. ತಳಕ್ಕೆ ಟಿಶ್ಯೂ ಹಾಸಿ. ಮುಚ್ಚಳಕ್ಕೆ ತೂತು ಬೇಡ: ಇಷ್ಟು ಸಣ್ಣ ಹುಳುವಿಗೆ ದಿನಕ್ಕೊಮ್ಮೆ ಮುಚ್ಚಳ ತೆರೆದಾಗ ಸಿಗುವ ಗಾಳಿ ಸಾಕು, ತೂತಿದ್ದರೆ ಎಲೆ ಒಣಗುತ್ತದೆ, ಹುಳು ತಪ್ಪಿಸಿಕೊಳ್ಳುತ್ತದೆ. ರೆಂಬೆಯನ್ನು ನೀರಿನ ಪುಟ್ಟ ಸೀಸೆಯಲ್ಲಿ ನಿಲ್ಲಿಸುವುದಾದರೆ ಬಾಯಿಗೆ ಹತ್ತಿ ಬಿಗಿಯಾಗಿ ತುರುಕಿ, ಇಲ್ಲವಾದರೆ ಹುಳು ಇಳಿದು ನೀರಲ್ಲಿ ಮುಳುಗುತ್ತದೆ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಲೇಬೇಡಿ. ಮುಚ್ಚಿದ ಡಬ್ಬಿ ಸ್ವಲ್ಪ ಹೊತ್ತಿನಲ್ಲೇ ಕುದಿಯುತ್ತದೆ.

ಹುಳುಗಳು ಸಾಯುವುದು ಹಸಿವಿನಿಂದಲ್ಲ, ಬಹುತೇಕ ತೇವದಿಂದ. ಡಬ್ಬಿಯ ಗೋಡೆಯಲ್ಲಿ ಹನಿಗಟ್ಟಿದರೆ ತೇವ ಹೆಚ್ಚಾಯಿತು, ಟಿಶ್ಯೂ ಬದಲಿಸಿ. ಎಲೆ ಒಂದೇ ದಿನದಲ್ಲಿ ಗರಿಗರಿಯಾದರೆ ಕಡಿಮೆಯಾಯಿತು.

ಹೆಜ್ಜೆ 4: ದಿನದ ಆರೈಕೆ

ಹಳೆಯ ಸುರುಳಿಯನ್ನು ತೆಗೆಯಬೇಡಿ. ಹೊಸ ಎಲೆಯನ್ನು ಅದಕ್ಕೆ ತಾಗುವಂತೆ ಇಟ್ಟರೆ ಹುಳು ತಾನಾಗಿ ದಾಟಿ ಹೊಸ ಮನೆ ಕಟ್ಟುತ್ತದೆ. ಹಿಕ್ಕೆಯನ್ನು ದಿನವೂ ಕುಂಚದಲ್ಲಿ ಗುಡಿಸಿ. ಹಿಕ್ಕೆ ಉಳಿದರೆ ಬೂಷ್ಟು ಬರುತ್ತದೆ, ಬೂಷ್ಟು ಬಂದರೆ ಹುಳು ಉಳಿಯದು. ಹುಳುವಿಗೂ ಇದು ಗೊತ್ತಿದೆ: ಅನೇಕ ಟಾರ್ಟ್ರಿಸಿಡ್ ಹುಳುಗಳ ಹಿಂತುದಿಯಲ್ಲಿ ಬಾಚಣಿಗೆಯಂಥ ಸಣ್ಣ ಅಂಗವಿದ್ದು, ಹಿಕ್ಕೆಯನ್ನು ಚಿಮ್ಮಿಸಿ ಮನೆಯಿಂದ ದೂರಕ್ಕೆ ಎಸೆಯುತ್ತವೆ. ಡಬ್ಬಿಯ ಗೋಡೆಗೆ ಅಂಟಿದ ಹಿಕ್ಕೆಯ ಕಾಳು ಅದರ ಸಾಕ್ಷಿ.

ಇದೇ ಹಂತದಲ್ಲಿ ಆಹಾರ ಸಸ್ಯವೂ ಖಚಿತವಾಗುತ್ತದೆ. ಎಲೆಯಲ್ಲಿ ಹೊಸ ಕಡಿತ ಕಂಡಿರಬೇಕು, ಹಿಕ್ಕೆ ಬಿದ್ದಿರಬೇಕು, ಹುಳು ಬೆಳೆದಿರಬೇಕು. ಮೂರೂ ಆದರೆ ಮಾತ್ರ ‘ಈ ಗಿಡವನ್ನು ತಿಂದಿತು’ ಎಂದು ಬರೆಯಿರಿ. ಆ ಗಿಡ ಸಿಗದೆ ಬೇರೆ ಎಲೆ ಕೊಟ್ಟು ಬೆಳೆಸಿದರೆ ‘ಸೆರೆಯಲ್ಲಿ ತಿಂದಿತು’ ಎಂದೇ ಬರೆಯಬೇಕು. ಡಬ್ಬಿಯೊಳಗೆ ಹಸಿದ ಹುಳು ಒಪ್ಪಿಕೊಂಡ ಎಲೆಯನ್ನು ಹೊರಗೆ ತಾಯಿಪತಂಗ ಮೊಟ್ಟೆಯಿಡಲು ಆರಿಸಿಕೊಳ್ಳುತ್ತದೆ ಎನ್ನಲು ಬರುವುದಿಲ್ಲ. ಹುಳು ತಿನ್ನದೆ ನೇರ ಕೋಶವಾದರೆ ‘ಕೋಶಕ್ಕೆ ಸಿಕ್ಕ ಗಿಡ’ ಅಷ್ಟೇ.

ಹುಳುವಿನ ಮೈಯನ್ನು ಒಮ್ಮೆ ಭೂತಗನ್ನಡಿಯಲ್ಲಿ ನೋಡಿ ಬರೆದಿಡಿ. ಎದೆಯಲ್ಲಿ ಮೂರು ಜೊತೆ ಕಾಲು, ಹೊಟ್ಟೆಯಲ್ಲಿ ನಾಲ್ಕು ಜೊತೆ ಮೆದುಗಾಲು, ತುದಿಯಲ್ಲಿ ಒಂದು ಜೊತೆ. ಹೊಟ್ಟೆಯ ಮೆದುಗಾಲು ತುದಿಯವೂ ಸೇರಿ ಆರು ಜೊತೆ ಅಥವಾ ಹೆಚ್ಚಿದ್ದರೆ ಅದು ಗರಗಸ ನೊಣದ ಮರಿ, ಪತಂಗದ್ದಲ್ಲ. ಸೂಕ್ಷ್ಮದರ್ಶಕ ಇರುವವರಿಗೆ ಇನ್ನೊಂದು ಗುರುತು: ತಲೆಯ ಹಿಂದಿನ ಮೊದಲ ಖಂಡದಲ್ಲಿ, ಉಸಿರುರಂಧ್ರದ ಮುಂದೆ ಟಾರ್ಟ್ರಿಸಿಡ್ ಹುಳುವಿಗೆ ಮೂರು ರೋಮ, ಕ್ರ್ಯಾಂಬಿಡ್ ಹುಳುವಿಗೆ ಎರಡು. ತಲೆಯ ಬಣ್ಣ, ಅದರ ಹಿಂದಿನ ಗುರಾಣಿಯಂಥ ಗಟ್ಟಿ ಫಲಕದ ಬಣ್ಣ, ಮೈಮೇಲಿನ ಗಂಟುಗಳನ್ನು ಪೊರೆ ಕಳಚಿದ ಪ್ರತಿಸಲವೂ ಬರೆಯಿರಿ. ಸಾಮಾನ್ಯವಾಗಿ ಐದು ಹಂತ, ಕೆಲವದಕ್ಕೆ ಆರು. ಕಳಚಿದ ತಲೆಯ ಚಿಪ್ಪು ಟಿಶ್ಯೂ ಮೇಲೆ ಸಿಗುತ್ತದೆ. ಅದನ್ನು ಕೂಡಿಟ್ಟರೆ ಎಷ್ಟು ಸಲ ಪೊರೆ ಕಳಚಿತೆಂಬ ಲೆಕ್ಕ ಕೈಯಲ್ಲೇ ಇರುತ್ತದೆ.

ಹೆಜ್ಜೆ 5: ಕೋಶ

ಹುಳು ತಿನ್ನುವುದನ್ನು ಬಿಟ್ಟು ಕುಗ್ಗಿ ಮಂಕಾದರೆ ಗಾಬರಿ ಬೇಡ, ಕೋಶವಾಗುತ್ತಿದೆ. ಹೆಚ್ಚಿನವು ಸುರುಳಿಯೊಳಗೇ ಕೋಶವಾಗುತ್ತವೆ. ಎರಡು ಮೂರು ದಿನ ಮುಟ್ಟಲೇಬಾರದು. ಮೊದಲು ಹಸಿರು, ಆಮೇಲೆ ಕಂದು. ಹೊಟ್ಟೆಯ ಖಂಡಗಳ ಬೆನ್ನಮೇಲೆ ಅಡ್ಡಸಾಲು ಮುಳ್ಳುಗಳಿರುತ್ತವೆ. ಹೊರಬರುವ ಹೊತ್ತಿಗೆ ಕೋಶ ಈ ಮುಳ್ಳುಗಳನ್ನೂರಿ ತನ್ನನ್ನು ಸುರುಳಿಯಿಂದ ಅರ್ಧ ಹೊರಕ್ಕೆ ತಳ್ಳಿಕೊಳ್ಳುತ್ತದೆ. ಅದಕ್ಕಾಗಿಯೇ ಕೋಶವನ್ನು ಸುರುಳಿಯಿಂದ ಬಿಡಿಸಿ ಬರಿದಾಗಿ ಇಡಬಾರದು: ಊರಲು ಆಸರೆ ಸಿಗದ ಪತಂಗ ಪೊರೆಯಲ್ಲೇ ಸಿಕ್ಕಿಬೀಳುತ್ತದೆ.

ಡಬ್ಬಿಯಲ್ಲಿ ಒದ್ದೆ ಹತ್ತಿಯ ಸಣ್ಣ ಉಂಡೆ ಇರಲಿ, ನಿಲುವಾಗಿ ಒಂದು ಕಡ್ಡಿಯೋ ಒರಟು ಕಾಗದವೋ ಇರಲಿ. ಬೆಚ್ಚನೆಯ ಹವೆಯಲ್ಲಿ ಒಂದರಿಂದ ಮೂರು ವಾರದಲ್ಲಿ ಕೋಶ ಕಪ್ಪಾಗಿ, ಪೊರೆಯೊಳಗೆ ರೆಕ್ಕೆಯ ಚಿತ್ತಾರ ಕಾಣುತ್ತದೆ. ಮರುದಿನ ಪತಂಗ.

ಹೆಜ್ಜೆ 6: ಪತಂಗ ಬಂದರೆ, ಕಣಜ ಬಂದರೆ

ಹೊರಬಂದ ಪತಂಗವನ್ನು ರೆಕ್ಕೆ ಬಲಿಯುವವರೆಗೆ ಕದಲಿಸಬೇಡಿ. ಮರುದಿನ ಮೇಲಿನಿಂದ, ಪಕ್ಕದಿಂದ, ತಲೆಯ ಮುಂದಿನಿಂದ ಚಿತ್ರ ತೆಗೆಯಿರಿ. ಟಾರ್ಟ್ರಿಸಿಡ್ ಪತಂಗದ ಸೊಂಡಿಲಿನ ಬುಡ ಬೋಳಾಗಿರುತ್ತದೆ, ಕ್ರ್ಯಾಂಬಿಡ್ ಪತಂಗಕ್ಕೆ ಅಲ್ಲಿ ಹುರುಪೆಗಳಿರುತ್ತವೆ. ಟಾರ್ಟ್ರಿಸಿಡೇಯ ಆರ್ಕಿಪ್ಸ್‌ನಂಥ ಗುಂಪಿನಲ್ಲಿ ಗಂಡಿನ ಮುಂರೆಕ್ಕೆಯ ಅಂಚಿನಲ್ಲಿ ಮಡಿಕೆ ಇರುವುದರಿಂದ ಗಂಡು ಹೆಣ್ಣು ಬೇರೆಯದಾಗಿಯೇ ಕಾಣುತ್ತವೆ. ಒಂದೇ ಪ್ರಭೇದದಲ್ಲಿ ರೆಕ್ಕೆಯ ಬಣ್ಣ ಬಹಳ ಬದಲಾಗುತ್ತದೆ, ಹಾಗಾಗಿ ಚಿತ್ರ ನೋಡಿಯೇ ಹೆಸರಿಡಲು ಹೊರಡುವುದು ಅಪಾಯ. ಹಲವು ಪ್ರಭೇದಗಳನ್ನು ಜನನಾಂಗದ ರಚನೆಯಿಂದ ಅಥವಾ ಡಿಎನ್‌ಎಯಿಂದ ಮಾತ್ರ ಬೇರ್ಪಡಿಸಬಹುದು. ಖಚಿತ ಹೆಸರು ಬೇಕೆಂದಿದ್ದರೆ ಒಂದನ್ನಾದರೂ ಫ್ರೀಜರಿನಲ್ಲಿಟ್ಟು, ಸಣ್ಣ ಸೂಜಿಗೆ ಚುಚ್ಚಿ, ಖಾಲಿ ಕೋಶದ ಪೊರೆ ಮತ್ತು ಚೀಟಿಯ ಜೊತೆ ಕಾಪಿಡಬೇಕು.

ಪತಂಗದ ಬದಲು ಕಣಜವೋ ನೊಣವೋ ಬಂದರೆ ಎಷ್ಟೋ ಜನ ಡಬ್ಬಿ ತೊಳೆದುಬಿಡುತ್ತಾರೆ. ನನಗೆ ಅದು ಬಹಳ ನೋವಿನ ಸಂಗತಿ. ಯಾವ ಹುಳುವಿನ ಮೇಲೆ ಯಾವ ಪರತಂತ್ರ ಜೀವಿ (ಹುಳುವಿನ ಮೈಯನ್ನೇ ತಿಂದು ಬೆಳೆದು ಅದನ್ನು ಕೊಲ್ಲುವ ಕೀಟ) ಬದುಕುತ್ತದೆಂಬುದು ಸಾಕುವವರಿಂದಲೇ ತಿಳಿಯಬೇಕಾದ ವಿಷಯ. ಚಹಾ ಗಿಡದ ಎಲೆ ಹೊಲಿಯುವ ಹೊಮೊನಾ ಕಾಫಿಯೇರಿಯಾವನ್ನು ಶ್ರೀಲಂಕಾದಲ್ಲಿ ಹತೋಟಿಗೆ ತಂದದ್ದು ಜಾವಾದಿಂದ 1935-36ರಲ್ಲಿ ತಂದುಬಿಟ್ಟ ಮ್ಯಾಕ್ರೊಸೆಂಟ್ರಸ್ ಹೊಮೊನೇ ಎಂಬ ಪುಟ್ಟ ಕಣಜ. ಬಂದ ಕಣಜವನ್ನು ಆಲ್ಕೋಹಾಲಿನಲ್ಲಿಟ್ಟು, ಅದೇ ಚೀಟಿಯ ನಕಲು ಹಾಕಿ, ಹುಳುವಿನ ಒಣಗಿದ ಮೈಯನ್ನೂ ಉಳಿಸಿಕೊಳ್ಳಿ.

ಮೊಟ್ಟೆಯಿಂದಲೇ ನೋಡಬೇಕೆಂದರೆ

ಕೂಡಿದ ಹೆಣ್ಣು ಪತಂಗವನ್ನು ಸಕ್ಕರೆನೀರಿನ ಹತ್ತಿಯ ಜೊತೆ ಡಬ್ಬಿಯಲ್ಲಿಟ್ಟರೆ ಹಲವು ಪ್ರಭೇದಗಳು ನುಣುಪಾದ ಗೋಡೆಗೇ ಮೊಟ್ಟೆಯಿಡುತ್ತವೆ. ಆರ್ಕಿಪ್ಸ್ ಬಳಗದ ಮೊಟ್ಟೆಗಳು ಚಪ್ಪಟೆ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದಿಸಿದ ಗುಂಪು. ಒಡೆಯುವ ಹಿಂದಿನ ದಿನ ಪ್ರತಿ ಮೊಟ್ಟೆಯಲ್ಲೂ ಮರಿಯ ಕಪ್ಪು ತಲೆ ಚುಕ್ಕೆಯಾಗಿ ಕಾಣುತ್ತದೆ. ಅಂದೇ ಎಳೆ ಎಲೆ ಸಿದ್ಧವಿರಲಿ. ಹೊಸ ಮರಿಗಳು ಬೆಳಕಿನತ್ತ ಓಡುತ್ತವೆ, ನೂಲುಬಿಟ್ಟು ಗಾಳಿಯಲ್ಲಿ ತೇಲುತ್ತವೆ, ಕಣ್ಣಿಗೂ ಕಾಣದ ಸಂದಿಯಲ್ಲಿ ನುಸುಳುತ್ತವೆ.

ಜೀವನಚಕ್ರವನ್ನು ಕಾಲದ ಜೊತೆ ಓದುವುದು

ನೋಟ್‌ಬುಕ್ಕಿನ ದಿನಾಂಕಗಳಿಗೆ ಅರ್ಥ ಬರುವುದು ಆ ಪ್ರಭೇದ ಕೆಟ್ಟ ಕಾಲವನ್ನು ಯಾವ ರೂಪದಲ್ಲಿ ಕಳೆಯುತ್ತದೆಂದು ತಿಳಿದಾಗ. ಯುರೋಪಿನ ಟಾರ್ಟ್ರಿಕ್ಸ್ ವಿರಿಡಾನಾ ಚಳಿಗಾಲವನ್ನು ಕೊಂಬೆಗೆ ಅಂಟಿದ ಮೊಟ್ಟೆಯಾಗಿ ಕಳೆಯುತ್ತದೆ. ಓಕ್ ಮೊಗ್ಗು ಒಡೆಯುವ ಹೊತ್ತಿಗೇ ಮೊಟ್ಟೆ ಒಡೆಯಬೇಕು. ಕೆಲವು ದಿನ ಮೊದಲಾದರೆ ಮರಿಗಳಿಗೆ ಎಲೆಯಿಲ್ಲ, ತಡವಾದರೆ ಎಲೆ ಗಡುಸು. ಜೂನ್ ಜುಲೈನಲ್ಲಿ ಪತಂಗ, ವರ್ಷಕ್ಕೆ ಒಂದೇ ತಲೆಮಾರು. ಹುಳು ಹೆಚ್ಚಾದ ವರ್ಷ ಮರ ಬೋಳಾದರೂ ಬೇಸಿಗೆಯ ನಡುವೆ ಮತ್ತೆ ಚಿಗುರುತ್ತದೆ. ಆರ್ಕಿಪ್ಸ್ ರೋಸಾನಾ ಕೂಡ ಮೊಟ್ಟೆಯಾಗಿಯೇ ಚಳಿಗಾಲ ದಾಟುತ್ತದೆ.

ಉತ್ತರ ಅಮೆರಿಕದ ಕೋರಿಸ್ಟೋನ್ಯೂರಾ ರೊಸೇಸಿಯಾನಾದ ದಾರಿ ಬೇರೆ: ಅರ್ಧ ಬೆಳೆದ ಹುಳು, ಹೆಚ್ಚಾಗಿ ಮೂರನೇ ಹಂತದ್ದು, ತೊಗಟೆಯ ಸಂದಿಯಲ್ಲಿ ನೂಲಿನ ಗೂಡು ನೇಯ್ದು ಮಲಗುತ್ತದೆ. ಇಂಥ ಹುಳುವನ್ನು ಚಳಿಗಾಲದ ಮೊದಲು ತಂದರೆ ಬೆಚ್ಚನೆಯ ಕೋಣೆಯಲ್ಲಿ ಒಣಗಿ ಸಾಯುತ್ತದೆ. ಅದನ್ನು ಹೊರಗಿನ ಚಳಿ ತಾಗುವ, ಮಳೆ ತಾಗದ ಜಾಗದಲ್ಲಿಟ್ಟು ಚಿಗುರು ಬರುವವರೆಗೆ ಕಾಯಬೇಕು. ಆಸ್ಟ್ರೇಲಿಯಾದ ಎಪಿಫಿಯಾಸ್ ಪೋಸ್ಟ್‌ವಿಟಾನಾಕ್ಕೆ ಇಂಥ ಸುಪ್ತಾವಸ್ಥೆಯೇ ಇಲ್ಲ. ಚಳಿಯಲ್ಲಿ ನಿಧಾನವಾಗಿ ಬೆಳೆಯುತ್ತದೆ ಅಷ್ಟೇ. ಬೆಚ್ಚನೆಯ ನಾಡುಗಳ ಹೊಮೊನಾದಂಥವಲ್ಲಿ ತಲೆಮಾರುಗಳು ಒಂದರ ಮೇಲೊಂದು ಬಂದು ಮೊಟ್ಟೆ, ಹುಳು, ಕೋಶ, ಪತಂಗ ಒಂದೇ ದಿನ ಒಂದೇ ತೋಟದಲ್ಲಿ ಸಿಗುತ್ತವೆ.

ಭತ್ತದ ನ್ಯಾಫಲೊಕ್ರೋಸಿಸ್ ಮೆಡಿನಾಲಿಸ್ ಎಲೆಯ ಎರಡು ಅಂಚನ್ನು ಉದ್ದಕ್ಕೂ ಹೊಲಿದು, ಒಳಗಿನ ಹಸಿರನ್ನು ಕೆರೆದು ತಿನ್ನುತ್ತದೆ. ಬಿಳಿ ಪಟ್ಟೆ ಉಳಿಯುತ್ತದೆ. ಚಳಿಯ ಸೀಮೆಯಲ್ಲಿ ಇದು ಚಳಿಗಾಲ ಕಳೆಯಲಾರದು. ಜಪಾನ್, ಕೊರಿಯಾಗಳಿಗೆ ಪ್ರತಿವರ್ಷ ದಕ್ಷಿಣದಿಂದ ಗಾಳಿಯ ಜೊತೆ ಹಾರಿಬರುತ್ತದೆ.

ವ್ಯಾಪ್ತಿ ಮತ್ತು ಆಹಾರ ಸಸ್ಯ

ಒಂದು ಪ್ರಭೇದದ ವ್ಯಾಪ್ತಿಯನ್ನು ಮೂರು ಸಂಗತಿ ಎಳೆಯುತ್ತವೆ: ಹವೆ, ತಿನ್ನುವ ಗಿಡ, ಮನುಷ್ಯನ ಸಾಗಾಟ. ಓಕ್ ಬಿಟ್ಟು ಹೆಚ್ಚೇನೂ ಒಗ್ಗದ ವಿರಿಡಾನಾ ಓಕ್ ಇರುವಲ್ಲಿಗೇ ಸೀಮಿತ. ಹತ್ತಿ, ಬೆಂಡೆ, ದಾಸವಾಳದ ಬಳಗವನ್ನು ನೆಚ್ಚಿದ ಹರಿಟಲೋಡ್ಸ್ ಡೆರೊಗಾಟಾ ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾಗಳ ಬೆಚ್ಚನೆಯ ನಾಡುಗಳಲ್ಲಿ ಆ ಗಿಡಗಳ ಹಿಂದೆ ಹಿಂದೆಯೇ ಇದೆ. ಇನ್ನೊಂದು ತುದಿಯಲ್ಲಿ 500ಕ್ಕೂ ಹೆಚ್ಚು ಸಸ್ಯಗಳನ್ನು ತಿನ್ನುವ ಎಪಿಫಿಯಾಸ್ ಪೋಸ್ಟ್‌ವಿಟಾನಾ. ಆಸ್ಟ್ರೇಲಿಯಾ ಮೂಲದ ಇದು ನ್ಯೂಜಿಲೆಂಡ್, ಹವಾಯಿ, ಬ್ರಿಟನ್ನುಗಳಲ್ಲಿ ನೆಲೆಯೂರಿದೆ. ಅಮೆರಿಕದ ಮುಖ್ಯ ಭೂಭಾಗದಲ್ಲಿ ಅದು ಮೊದಲು ಬೆಳಕಿಗೆ ಬಂದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ನಿವೃತ್ತ ಕೀಟಶಾಸ್ತ್ರಜ್ಞ ಜೆರ್ರಿ ಪೊವೆಲ್ ತಮ್ಮ ಹಿತ್ತಲಿನಲ್ಲಿಟ್ಟ ಬೆಳಕಿನ ಬಲೆಯಿಂದ. 2006ರಲ್ಲಿ ಬಿದ್ದ ಪತಂಗದ ಗುರುತು 2007ರಲ್ಲಿ ಖಚಿತವಾಯಿತು. ಒಬ್ಬರ ಹಿತ್ತಲಿನ ಎಚ್ಚರದಿಂದ ಒಂದು ಖಂಡದ ನಕ್ಷೆ ಬದಲಾಯಿತು. ನಿಮ್ಮ ಚೀಟಿಯಲ್ಲೂ ಜಾಗ, ದಿನಾಂಕ ಸರಿಯಿದ್ದರೆ ಅದಕ್ಕೂ ಇಷ್ಟೇ ಬೆಲೆ.

ಒಂದೇ ಗಿಡದಲ್ಲಿ ಒಂದು ಸಲ ಸಾಕಿದ್ದರಿಂದ ‘ಇದನ್ನು ಮಾತ್ರ ತಿನ್ನುತ್ತದೆ’ ಎಂಬ ತೀರ್ಮಾನಕ್ಕೆ ಬರಬೇಡಿ. ಅದೇ ಜಾಗದ ಬೇರೆ ಗಿಡಗಳಲ್ಲೂ ಸುರುಳಿ ಹುಡುಕಿ, ಬೇರೆ ಬೇರೆಯಾಗಿ ಸಾಕಿ. ಸುರುಳಿ ಸಿಗದ ಗಿಡಗಳ ಹೆಸರನ್ನೂ, ಎಷ್ಟು ಗಿಡ ನೋಡಿದಿರೆಂಬುದನ್ನೂ ಬರೆಯಿರಿ.

ಸಾಕಿದ್ದನ್ನು ಬಿಡುವುದು

ಅಲ್ಲಿಯದೇ ಪ್ರಭೇದವಾದರೆ ತಂದ ಗಿಡದ ಬಳಿಯೇ ಸಂಜೆ ಬಿಡಿ. ಬೇರೆ ಊರಿನಿಂದ ತಂದದ್ದನ್ನು, ಹೆಸರು ತಿಳಿಯದ್ದನ್ನು, ಕೊಂಡುತಂದ ಸಸಿಯಲ್ಲಿ ಸಿಕ್ಕಿದ್ದನ್ನು ಬಿಡಬಾರದು. ಅಂಥ ಡಬ್ಬಿಯನ್ನು ಎಲೆ, ಹಿಕ್ಕೆ, ಟಿಶ್ಯೂ ಸಮೇತ ಎರಡು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ತೊಳೆಯಿರಿ. ಗೋಡೆಗೆ ಅಂಟಿದ ಚಪ್ಪಟೆ ಮೊಟ್ಟೆಗಳು ಬರೀ ನೀರಿಗೆ ಬಿಡುವುದಿಲ್ಲ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಮಾತ್ರ ಕಾಣುತ್ತವೆ.